‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಎಂಬುದಿಲ್ಲ

ಮಾನ್ಯರೇ,

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳಿಗೆಂದು ಮಾರಾಟವಾಗುತ್ತಿರುವ ಕೈಪಿಡಿಯೊಂದು, 2024ರ ಅಕ್ಟೋಬರ್‌ನಲ್ಲಿ ಘೋಷಿತವಾದ ಅವಿಭಾಜ್ಯ ಸಂಖ್ಯೆಯನ್ನು ‘ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ’ ಎಂದು ಮುದ್ರಿಸಿದೆ. ಅದು ಆವರೆಗೆ ತಿಳಿದಿದ್ದವುಗಳಲ್ಲಿ ದೊಡ್ಡದು, ಅಷ್ಟೆ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ.

2ರ 13,62,79,841ನೇ ಘಾತದಿಂದ 1 ಕಳೆದರೆ ದೊರೆಯುವ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ; ದ್ವಿಮಾನ ಪದ್ಧತಿಯಲ್ಲಿ ಬರೆದರೆ ಬರೀ 1ಗಳ ಸಾಲು. ಘಾತಾಂಕ ಅವಿಭಾಜ್ಯವಾದರೆ ಇಂಥ ಸಂಖ್ಯೆಯೂ ಅವಿಭಾಜ್ಯವೇ ಎಂಬ ಕೈಪಿಡಿಯ ಇನ್ನೊಂದು ಮಾತು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದ ತಪ್ಪು. ಘಾತಾಂಕ ಅವಿಭಾಜ್ಯವಾಗಿರಲೇಬೇಕು ಎಂಬುದು ನಿಜ, ಆದರೆ ಅಷ್ಟೇ ಸಾಲದು: 11 ಅವಿಭಾಜ್ಯವಾದರೂ 2ರ 11ನೇ ಘಾತದಿಂದ 1 ಕಳೆದಾಗ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಇಂಥ ಸಂಖ್ಯೆಗಳಿಗೆ ಯಾರ ಹೆಸರಿದೆಯೋ ಆ ಫ್ರೆಂಚ್ ವಿದ್ವಾಂಸ ಮರ್ಸೆನ್, ಅವಿಭಾಜ್ಯ ಕೊಡುವ ಘಾತಾಂಕಗಳೆಂದು 1644ರಲ್ಲಿ ಕೊಟ್ಟ ಪಟ್ಟಿಯಲ್ಲಿದ್ದ 67 ಕೂಡ ಸುಳ್ಳಾಯಿತು. 2ರ 67ನೇ ಘಾತದಿಂದ 1 ಕಳೆದಾಗ ಬರುವ ಸಂಖ್ಯೆಯ ಅಪವರ್ತನಗಳನ್ನು 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿಕೊಟ್ಟರು.

ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಸುವ ಲೂಕಾಸ್–ಲೆಹ್ಮರ್ ಪರೀಕ್ಷೆಯನ್ನು ಪಿಯುಸಿ ವಿದ್ಯಾರ್ಥಿಯೂ ಹಾಳೆಯ ಮೇಲೆ ಮಾಡಿ ನೋಡಬಹುದು. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ, ಶೇಷವನ್ನಷ್ಟೇ ಇಟ್ಟುಕೊಂಡು ಮುಂದುವರಿಯಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಹಂತಗಳ ಬಳಿಕ ಸೊನ್ನೆ ಬಂದರೆ ಅದು ಅವಿಭಾಜ್ಯ. ಘಾತಾಂಕ 5 ಆಗಿರುವ 31ಕ್ಕೆ ಕ್ರಮವಾಗಿ 4, 14, 8, 0 ಬರುತ್ತವೆ. ಹೊಸ ಸಂಖ್ಯೆಯನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆ, ಕಂಪ್ಯೂಟರ್‌ಗಳ ನೆರವಿನಿಂದ.

ಪ್ರಕಾಶಕರು ಮುಂದಿನ ಮುದ್ರಣಕ್ಕೆ ಮುನ್ನ ಈ ಎರಡೂ ಸಾಲುಗಳನ್ನು ತಿದ್ದಬೇಕಾಗಿ ವಿನಂತಿ.

– ಗಣಿತ ಶಿಕ್ಷಕ, ಧಾರವಾಡ