ಹರಿದ ಹಾಳೆಯ ಇನ್ನರ್ಧ

ಪುಟ್ಟವ್ವಾ,

ಅಂಟಾರ್ಕ್ಟಿಕಾಗೆ ಹೋಗುವ ಮೊದಲು ನಿಮಗೆ ಹಿಮದ ತರಬೇತಿ ಕೊಡುವ ಆ ಔಲಿಯಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ ಅಂತ ನಿಮ್ಮಪ್ಪ ಹೇಳಿದರು. ಸಿಕ್ಕರೂ ನನ್ನ ಹೆಸರು ನೋಡಿ ನೀನು ಎತ್ತುತ್ತೀ ಅನ್ನುವ ಭರವಸೆ ನನಗಿಲ್ಲ. ಅದಕ್ಕೇ ಬರೆಯಲು ಕುಂತಿದ್ದೇನೆ. ಬರೆದದ್ದನ್ನು ಅಪ್ಪ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಅಕ್ಷರ ಕಾಣದಿದ್ದರೆ ದೊಡ್ಡದು ಮಾಡಿ ಓದು.

ನಮ್ಮ ಗೋವಾದ ದಾಬೋಲಿ ವಿಮಾನ ನಿಲ್ದಾಣಕ್ಕೆ ಹೊರಟು ನಿಂತವಳ ಮುಂದೆ ನಾನು ಮದುವೆ ಮಾತು ತೆಗೆದದ್ದು, ನೀನು ಅಂದದ್ದು, ಅದಕ್ಕೆ ನಾನು ಅಂದದ್ದು, ಎಲ್ಲ ಇಬ್ಬರಿಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ಚಕ್ಕುಲಿ ಡಬ್ಬಿಯನ್ನು ಬೇಕಂತಲೇ ಬಿಟ್ಟು ಹೋದೆ, ಅದೂ ಗೊತ್ತು. ಮನಸ್ಸಿಗೆ ನೋವಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಅವತ್ತು ನನ್ನ ಬಾಯಿಂದ ಬಂದದ್ದು ಮದುವೆ. ಒಳಗೆ ಕುದಿಯುತ್ತಿದ್ದದ್ದು ಬೇರೆ. ಆ ರಷ್ಯಾದ ಡಾಕ್ಟರ್.

ಬೈನಾದ ನಮ್ಮ ಅಂಗಡಿಯಲ್ಲಿ ರದ್ದಿ ಪೇಪರಿನ ಕಟ್ಟು ಬಂದರೆ ಪುಡಿಕೆ ಕಟ್ಟುವ ಮೊದಲು ನಾನು ಮೂಲೆಮೂಲೆ ಓದುತ್ತಿದ್ದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಇನ್ನೆಲ್ಲಿಯ ಓದು. ರಾಜಕಾರಣ ನನಗೆ ಬೇಡ. ‘ನಿಮಗಿದು ಗೊತ್ತೆ’ ಅನ್ನುವ ನಾಲ್ಕು ಸಾಲಿನ ಚೌಕಟ್ಟು ಬೇಕು. ಆಕ್ಟೋಪಸ್ಸಿಗೆ ಮೂರು ಹೃದಯ. ಜಿರಾಫೆಯ ಅಷ್ಟುದ್ದ ಕುತ್ತಿಗೆಯಲ್ಲೂ ನಮ್ಮ ಹಾಗೆ ಏಳೇ ಎಲುಬು. ಶುಕ್ರ ಗ್ರಹ ತನ್ನ ಸುತ್ತ ಒಂದು ಸುತ್ತು ತಿರುಗಲು ನಮ್ಮ 243 ದಿನ ಬೇಕು, ಸೂರ್ಯನ ಸುತ್ತ ಬರಲು 225 ಸಾಕು. ಆ ಒಂದು ಸುತ್ತನ್ನೇ ದಿನ ಅಂತ ಹಿಡಿದರೆ, ಅಲ್ಲಿ ದಿನ ಮುಗಿಯುವ ಮೊದಲೇ ವರ್ಷ ಮುಗಿದಿರುತ್ತದೆ. ಇದನ್ನು ಕೇಳಿ ನೀನು, ‘ಹಂಗಾದ್ರ ಅಲ್ಲಿ ಬಾಡಿಗಿ ದಿನದ ಲೆಕ್ಕದಾಗ ಕೊಡೂದು ಚೊಲೊ’ ಅಂದಿದ್ದಿ. ಮನೆ ಮಾಲಕ ಆಗ ಅಂಗಡಿಯ ಮುಂದೇ ನಿಂತಿದ್ದ.

ಮೆಣಸಿನಕಾಯಿಗೆ ಮಾತ್ರ ನಾನು ಸೋಲಲಿಲ್ಲ. ಮೆಣಸಿನಕಾಯಿ ನಮ್ಮ ದೇಶದ್ದಲ್ಲ, ಅಮೆರಿಕದ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ ಬಂತು, ಗೇರುಬೀಜವೂ ಹಾಗೇ ಅಂತ ನೀನು ಓದಿದಾಗ ಆ ಹಾಳೆಯನ್ನು ಕಸಿದುಕೊಂಡು ಉಪ್ಪಿನ ಪುಡಿಕೆ ಕಟ್ಟಿಬಿಟ್ಟೆ. ಬ್ಯಾಡಗಿಯಲ್ಲಿ ಹುಟ್ಟಿ, ಅವ್ವನ ಜೊತೆ ಕುಂತು ತೊಟ್ಟು ಮುರಿದು ಮುರಿದು ಬೆರಳು ಉರಿಸಿಕೊಂಡವಳು ನಾನು. ಹೊರಗಿನಿಂದ ಬಂದದ್ದು ಅಂದರೆ ಯಾರು ಕೇಳುತ್ತಾರೆ? ಈಗ ಒಪ್ಪಿದ್ದೇನೆ. ಅದಕ್ಕೂ ಮುಂಚೆ ನಮ್ಮ ಸಾರಿನ ಖಾರ ಹೆಚ್ಚಾಗಿ ಕರಿಮೆಣಸಿನದೇ ಅಂತೆ. ಆ ಸಾರು ಹೇಗಿದ್ದಿರಬೇಕು, ಸಪ್ಪೆ.

ರದ್ದಿಯ ಓದಿನಲ್ಲಿ ಒಂದು ಕಷ್ಟ. ಅರ್ಧ ಸಂಗತಿ ಸಿಗುತ್ತಿತ್ತು, ಇನ್ನರ್ಧ ಬೇರೆ ಯಾರದೋ ಜೀರಿಗೆಯ ಜೊತೆ ಹೋಗಿರುತ್ತಿತ್ತು. ಆ ಡಾಕ್ಟರಿನದೂ ಹಾಗೇ ಆಯಿತು. ನಿನಗೆ ಎಂಟು ವರ್ಷ. ಹಾಳೆಯ ಹಿಂದುಗಡೆ ಜವಳಿ ಅಂಗಡಿಯ ಜಾಹೀರಾತು, ಇಳಕಲ್ ಸೀರೆಯದು. ಮುಂದುಗಡೆ ಅಂಟಾರ್ಕ್ಟಿಕಾ. ಹಿಮದ ನಡುವೆ ಹನ್ನೆರಡೋ ಹದಿಮೂರೋ ಜನ, ಒಬ್ಬನೇ ಡಾಕ್ಟರ್, ಅವನಿಗೇ ಹೊಟ್ಟೆನೋವು. ‘ಕನ್ನಡಿಯಲ್ಲಿ ನೋಡಿಕೊಳ್ಳುತ್ತ ತನ್ನ ಹೊಟ್ಟೆಯನ್ನು ತಾನೇ’ ಅನ್ನುವಲ್ಲಿ ಹಾಳೆ ಹರಿದಿತ್ತು.

‘ಅವ್ವಾ, ಅಂವ ಉಳದನೋ, ಸತ್ತನೋ?’

ನನಗೇನು ಗೊತ್ತು. ಇನ್ನರ್ಧದಲ್ಲಿ ಸೇಂಗಾ ಕಟ್ಟಿ ಒಬ್ಬ ಲಾರಿ ಡ್ರೈವರಿಗೆ ಕೊಟ್ಟಿದ್ದೆ. ತಿನ್ನುತ್ತ ಸಡಾ ಗುಡ್ಡದ ಕಡೆ ಹೋಗಿದ್ದ. ನೀನು ಊಟ ಬಿಟ್ಟೆ. ಹಾಳೆ ಹುಡುಕಿಕೊಂಡು ಬರೋಣ ಅಂತ ಒಂದೇ ಹಟ. ಅಂಗಡಿಯನ್ನು ಅಪ್ಪನಿಗೆ ಒಪ್ಪಿಸಿ, ಬ್ಯಾಟರಿ ಹಿಡಿದು, ಬೈನಾದಿಂದ ಸಡಾದವರೆಗೆ ರಸ್ತೆಯ ಎರಡೂ ಬದಿ ನೋಡುತ್ತ ಹತ್ತಿದೆವು. ಗುಟ್ಕಾ ಚೀಟಿ, ಬಸ್ ಟಿಕೆಟ್, ಅದಿರಿನ ಕೆಂಪು ಧೂಳು ಮೆತ್ತಿದ ಕಾಗದದ ಉಂಡೆಗಳು. ಪ್ರತಿ ಉಂಡೆಯನ್ನೂ ನೀನು ಬಿಚ್ಚಿ ನೋಡಿದೆ. ಮರಾಠಿ, ಕೊಂಕಣಿ, ಇಂಗ್ಲಿಷು. ಕನ್ನಡದ್ದು ಒಂದು ಸಿಕ್ಕಿತು, ಅದು ಪಂಚಾಂಗ.

ಇಳಿಯುವಾಗ ನೀನು ಒಂದು ಯುಕ್ತಿ ತೆಗೆದೆ. ‘ಸತ್ತಿದ್ರ ಪೇಪರಿನವ್ರಿಗೆ ಹೇಳಿದವ್ರು ಯಾರು? ಅಂವ ಉಳದಾನ.’ ನಾನು ಸುಮ್ಮನಿರಬೇಕಿತ್ತು, ಆದರೆ ನನ್ನ ಬಾಯಿ. ‘ಕನ್ನಡಿ ಹಿಡಿದವ್ರು ಹೇಳಿರಬೇಕು’ ಅಂದೆ. ನೀನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಡಾಕ್ಟರಿನ ಚಿಂತೆ ಹೋಗಿ ಕನ್ನಡಿ ಹಿಡಿದವನ ಚಿಂತೆ ಹಿಡಿಯಿತು. ‘ಅವನ ಕೈ ನಡುಗಿದ್ರ?’

ಆ ಗುಡ್ಡದ ಮೇಲೇ ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇದೆ. ನಮಗೆ ಆಗ ಅದೊಂದು ಸರಕಾರಿ ಕಾಂಪೌಂಡು, ಅಷ್ಟೇ. ಅದರ ಗೋಡೆಯ ಬುಡದಲ್ಲೂ ಕಾಗದ ಹೆಕ್ಕಿದ ನೆನಪು ನನಗಿದೆ.

ಹೈಸ್ಕೂಲಿನ ಕಂಪ್ಯೂಟರಿನಲ್ಲಿ ಹುಡುಕಿ, ಪ್ರಿಂಟ್ ತೆಗೆಸಿಕೊಂಡು ನೀನು ಓಡಿ ಬಂದೆ. ಇಂಗ್ಲಿಷಿನಲ್ಲಿತ್ತು, ಬೇಳೆ ತೂಗುತ್ತಿದ್ದ ನನಗೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಲಿಯೊನಿದ್ ರೋಗೊಜೊವ್, ವಯಸ್ಸು 27. 1961ರ ಏಪ್ರಿಲ್ 30. ನೊವೊಲಜಾರೆವ್‌ಸ್ಕಾಯಾ ಅನ್ನುವ ಆಗಷ್ಟೇ ಕಟ್ಟಿದ ಸೋವಿಯತ್ ನೆಲೆ. ಹತ್ತಿರದ ಇನ್ನೊಂದು ಸೋವಿಯತ್ ನೆಲೆ 1600 ಕಿಲೋಮೀಟರ್ ಆಚೆ, ಹಿಮಗಾಳಿಯಲ್ಲಿ ವಿಮಾನ ಏರುವಂತಿಲ್ಲ. ಬಾತುಕೊಂಡಿದ್ದ ಅಪೆಂಡಿಕ್ಸನ್ನು, ಅಂದರೆ ಹೊಟ್ಟೆಯ ಬಲಗಡೆ ಕರುಳಿಗೆ ಅಂಟಿದ ಬಾಲದಂಥದ್ದನ್ನು, ತೆಗೆಯಲು ಹೊಟ್ಟೆಯ ಚರ್ಮ ಮಾತ್ರ ಮರಗಟ್ಟುವ ಸೂಜಿ ಚುಚ್ಚಿಕೊಂಡು ಕೊಯ್ದುಕೊಂಡ. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗಾಗಿ ಕಂಡಿದ್ದರಿಂದ ಹೆಚ್ಚಿನ ಕೆಲಸವನ್ನು ಬರಿಗೈಯಲ್ಲಿ ಮುಟ್ಟಿ ಮುಟ್ಟಿಯೇ ಮಾಡಿದ. ನಾಲ್ಕೈದು ನಿಮಿಷಕ್ಕೊಮ್ಮೆ ತಲೆ ತಿರುಗಿ ಕೆಲವು ಸೆಕೆಂಡು ಸುಧಾರಿಸಿಕೊಳ್ಳುತ್ತಿದ್ದ. ಒಂದೂಮುಕ್ಕಾಲು ತಾಸು. ಎರಡು ವಾರಕ್ಕೆ ಕೆಲಸಕ್ಕೆ ನಿಂತ. ಸತ್ತದ್ದು 2000ದಲ್ಲಿ.

‘ಉಳದಾನ!’ ಅಂತ ನೀನು ಕೂಗಿದ್ದಕ್ಕೆ ಗಿರಾಕಿಗಳು, ಯಾರಿಗೆ ಏನಾಯಿತು, ನಿಮ್ಮ ಸಂಬಂಧಿಕರೇ ಅಂತ ವಿಚಾರಿಸಿದರು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನೀನು ಹೊರಟಿರುವ ಮೈತ್ರಿ, ಅಂದರೆ ಅಲ್ಲಿಯ ನಮ್ಮ ದೇಶದ ನೆಲೆಯಿಂದ, ಡಾಕ್ಟರಿನ ಆ ನೆಲೆ ಕೆಲವೇ ಕಿಲೋಮೀಟರ್. ಅದೇ ಶಿರ್ಮಾಕರ್ ಬಂಡೆಗಳ ಸಾಲು. ಇದನ್ನು ನೀನು ನನಗೆ ಹೇಳಲಿಲ್ಲ. ಪಕ್ಕದ ಮನೆ ಹುಡುಗ ಮ್ಯಾಪಿನಲ್ಲಿ ತೋರಿಸಿದ. ನೀನು ಬೇಕಂತಲೇ ಮುಚ್ಚಿಟ್ಟೆ ಅನಿಸುತ್ತದೆ, ಯಾಕೆಂದರೆ ನನ್ನ ತಲೆ ಎಲ್ಲಿಗೆ ಓಡುತ್ತದೆ ಅಂತ ನಿನಗೆ ಚೆನ್ನಾಗಿ ಗೊತ್ತು.

‘ಅಲ್ಲಿ ಡಾಕ್ಟರ್ ಇರ್ತಾರವ್ವಾ’ ಅಂದಿ. ಆಗಲೂ ಡಾಕ್ಟರ್ ಇದ್ದನಲ್ಲ ತಾಯಿ, ಹೊಟ್ಟೆನೋವು ಬಂದದ್ದೇ ಅವನಿಗೆ! ನಿನಗೆ ಬಂದರೆ ಅವರು ನೋಡುತ್ತಾರೆ, ಸರಿ. ಅವರಿಗೆ ಬಂದರೆ? ಚಿಲಿ ದೇಶದವರು ಅಲ್ಲೊಂದು ಹಳ್ಳಿ ಕಟ್ಟಿ, ಅಲ್ಲಿ ವಾಸಕ್ಕೆ ಹೋಗುವವರು, ಮಕ್ಕಳು ಕೂಡ, ಮೊದಲೇ ಅಪೆಂಡಿಕ್ಸ್ ತೆಗೆಸಿಕೊಂಡೇ ಬರಬೇಕು ಅಂತ ನಿಯಮ ಮಾಡಿದರಂತೆ. ಸುಮ್ಮನೆ ಮಾಡುತ್ತಾರೆಯೇ? ದಿಲ್ಲಿಯಲ್ಲಿ ನಿಮ್ಮ ಮೈಯೆಲ್ಲ ಪರೀಕ್ಷೆ ಮಾಡಿದರು ಅಂದೆಯಲ್ಲ, ಹೊಟ್ಟೆಯ ಸ್ಕ್ಯಾನ್ ಮಾಡಿದರೋ ಇಲ್ಲವೋ? ಒಂಬತ್ತನೇ ಇಯತ್ತೆಯಲ್ಲಿ ನಿನಗೆ ಬಲಗಡೆ ನೋವು ಬಂದಿತ್ತು. ಗ್ಯಾಸ್ ಅಂದರು. ಗ್ಯಾಸೇ ಇರಬಹುದು. ಆದರೂ ಬಲಗಡೆ.

ನಿಮ್ಮಪ್ಪ ಓದಿ, ‘ಮೂರು ಹಾಳೆ ಬರೀ ಅಪೆಂಡಿಕ್ಸ್ ಆತು’ ಅಂದರು. ಆಗಲಿ. ನಾನು ಬರೆಯುವ ಪತ್ರ ಇದು.

ಉಪದೇಶ ಮಾಡಬಾರದು ಅಂತಲೇ ಪೆನ್ನು ಹಿಡಿದಿದ್ದೆ. ಎರಡೇ ಮಾತು. ಅಷ್ಟು ಹಿಮ ಇದ್ದರೂ ಅದು ಲೋಕದಲ್ಲೇ ಒಣ ಖಂಡ, ಬಾಯಾರದಿದ್ದರೂ ನೀರು ಕುಡಿ. ಅಲ್ಲಿ ಚಳಿಗಿಂತ ಬೆಂಕಿಗೆ ಹೆದರಬೇಕು. ಗಾಳಿ ಜೋರು, ಎಲ್ಲ ಒಣಗಿರುತ್ತದೆ, ಇರುವ ನೀರೆಲ್ಲ ಹೆಪ್ಪುಗಟ್ಟಿರುತ್ತದೆ. ಮೊಬೈಲು ಚಾರ್ಜಿಗೆ ಹಾಕಿ ಮಲಗುವ ನಿನ್ನ ಚಟ ಇಲ್ಲೇ ಬಿಡು. ಹಿಮಗಾಳಿಯಲ್ಲಿ ಒಬ್ಬಳೇ ಹೊರಗೆ ಬೀಳಬೇಡ, ಬಾಗಿಲು ಇಲ್ಲೇ ಇದೆ ಅನಿಸಿದರೂ ದಾರಿಗುಂಟ ಕಟ್ಟಿದ ಹಗ್ಗ ಬಿಡಬೇಡ. ಮೇ ಕೊನೆಯಿಂದ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದೇ ಇಲ್ಲವಂತೆ. ಆಗ ಹೊತ್ತು ಗೊತ್ತು ಬಿಟ್ಟು ಮಲಗಬೇಡ, ಎದ್ದು ಮುಖ ತೊಳೆದು ತಲೆ ಬಾಚಿಕೋ, ಯಾರೂ ನೋಡದಿದ್ದರೂ. ಕೂಡಿ ಇರುವ ಮಂದಿಯಲ್ಲಿ ಎರಡು ಗುಂಪಾದರೆ ಎರಡಕ್ಕೂ ಸೇರಬೇಡ. ಅಡಿಗೆಯವನ ಜೊತೆ ಮಾತ್ರ ಎಂದೂ ಜಗಳ ಬೇಡ. ಅನ್ನಕ್ಕೆ ತುಪ್ಪ ಹಾಕಿಕೋ. ಎರಡೇ ಮಾತು ಅಂದಿದ್ದೆ, ಎಷ್ಟಾಯಿತೋ.

ದಕ್ಷಿಣ ಗಂಗೋತ್ರಿ ಅಂತ ನಮ್ಮವರು ಮೊದಲು ಕಟ್ಟಿದ ನೆಲೆ ಹಿಮದಲ್ಲಿ ಹೂತೇ ಹೋಯಿತು ಅಂತ ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮೈತ್ರಿ ಬಂಡೆಯ ಮೇಲಿದೆ, 1989ರಿಂದ ಗಟ್ಟಿಯಾಗಿ ನಿಂತಿದೆ ಅಂತ ಗೊತ್ತಾದ ಮೇಲೆ ಮಲಗಿದೆ.

ಹೆಮ್ಮೆ ಇಲ್ಲ ಅಂತ ತಿಳಿಯಬೇಡ. ಗಿರಾಕಿಗಳ ಮುಂದೆ ನಾನು ಏನೇನು ಹೇಳುತ್ತೇನೆ ಅಂತ ಅಪ್ಪನನ್ನು ಕೇಳು. 1981ರ ಡಿಸೆಂಬರ್ 6ಕ್ಕೆ ಕಾಸಿಂ ಸಾಹೇಬರ ಮುಂದಾಳತ್ವದಲ್ಲಿ ನಮ್ಮ ದೇಶದ 21 ಜನರ ಮೊದಲ ತಂಡ ಅಂಟಾರ್ಕ್ಟಿಕಾಗೆ ಹೊರಟದ್ದು ನಮ್ಮ ಗೋವಾದಿಂದಲೇ, ಮುಟ್ಟಿದ್ದು ಜನವರಿ 9ಕ್ಕೆ. ಎರಡು ವರ್ಷದ ಮೇಲೆ ಹೋದ ಅದಿತಿ ಪಂತ್ ದೋನಾ ಪಾವಲದ ಸಮುದ್ರ ವಿಜ್ಞಾನ ಸಂಸ್ಥೆಯವರು, ಅವರೂ ಸುದೀಪ್ತಾ ಸೇನ್‌ಗುಪ್ತಾ ಅವರೂ ಅಲ್ಲಿ ಕಾಲಿಟ್ಟ ನಮ್ಮ ದೇಶದ ಮೊದಲ ಹೆಣ್ಣುಮಕ್ಕಳು. ಇಸ್ರೋದ ಮಂಗಳಾ ಮಣಿ 56ನೇ ವಯಸ್ಸಿನಲ್ಲಿ ಭಾರತಿ ನೆಲೆಯಲ್ಲಿ 403 ದಿನ ಇದ್ದು ಬಂದರು, 23 ಜನರಲ್ಲಿ ಅವರೊಬ್ಬರೇ ಹೆಂಗಸು. ಇವರ ಸಾಲಿಗೆ ಬೈನಾದ ಕಿರಾಣಿ ಅಂಗಡಿಯ ಹುಡುಗಿ. 2012ರಲ್ಲಿ ಗಣಿ ನಿಂತು, ಅದಿರು ಸಾಗಿಸುವ ಬಾರ್ಜ್ ದೋಣಿ ನಿಂತು, ಅಪ್ಪ ಮನೆಯಲ್ಲಿ ಕುಂತಾಗ, ನಿನ್ನ ಸಾಲಿ ಬಿಡಿಸಿ ಅಂಗಡಿಯಲ್ಲಿ ಕೂಡಿಸು ಅಂದ ಮಂದಿ ಇದ್ದರು. ಅವರಿಗೆ ಈಗ ನಾನೇ ಚಹಾ ಕುಡಿಸಿ ಸುದ್ದಿ ಹೇಳಿ ಕಳಿಸುತ್ತೇನೆ.

ಇನ್ನೊಂದು ಸಂಗತಿ, ಮೊನ್ನೆ ಗೊತ್ತಾದದ್ದು. ಆ ಡಾಕ್ಟರಿಗೆ ಕನ್ನಡಿ ಹಿಡಿದವನು ಗಾಡಿ ರಿಪೇರಿಯವನು. ಸಲಕರಣೆ ಎತ್ತಿ ಕೊಡುತ್ತ ನಿಂತವನು ಹವಾಮಾನ ನೋಡುವವನು. ನಿನ್ನ ಕೆಲಸವೂ ಅದೇ ಅಲ್ಲವೇ. ಅವರಿಬ್ಬರಲ್ಲಿ ಯಾರಾದರೂ ಮೂರ್ಛೆ ಬಿದ್ದರೆ ಇರಲಿ ಅಂತ ನೆಲೆಯ ಮುಖ್ಯಸ್ಥನನ್ನೂ ನಿಲ್ಲಿಸಿಕೊಂಡಿದ್ದರು. ಇದನ್ನು ಕೇಳಿದ ಮೇಲೆ ನನ್ನ ಹೆದರಿಕೆ ಬೇರೆ ದಾರಿ ಹಿಡಿಯಿತು. ನಿನಗೆ ಬೇನೆ ಬಂದದ್ದಲ್ಲ, ಬೇರೆಯವರ ಹೊಟ್ಟೆಯ ಪಕ್ಕ ಕತ್ತರಿ ಹಿಡಿದು ನೀನು ನಿಂತದ್ದು ಕಣ್ಣಿಗೆ ಬಂತು.

ಆಗ ಬಾರ್ಜಿನ ಹಗ್ಗಕ್ಕೆ ಅಪ್ಪನ ಕೈ ಸಿಕ್ಕ ರಾತ್ರಿ ನೆನಪಾಯಿತು. ಕರೆಂಟ್ ಇರಲಿಲ್ಲ. ಓಣಿಯ ನರ್ಸಮ್ಮ ಹೊಲಿಗೆ ಹಾಕುವಾಗ ನಾನು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತೆ. ಬ್ಯಾಟರಿ ಹಿಡಿದವಳು ನೀನು, ಹನ್ನೊಂದು ವರ್ಷದವಳು. ಬೆಳಕು ಒಂದಿಷ್ಟೂ ಅಲುಗಾಡಲಿಲ್ಲ ಅಂತ ಆಮೇಲೆ ಆ ನರ್ಸಮ್ಮ ಎಷ್ಟೋ ಜನರ ಮುಂದೆ ಹೇಳಿದರು. ನಾನು ನಿನಗೆ ಅದನ್ನು ಹೇಳಿರಲಿಲ್ಲ. ದೃಷ್ಟಿಯಾಗುತ್ತದೆ ಅಂತ.

ಸ್ಕ್ಯಾನ್ ಆಗಿದ್ದರೆ ‘ಹೌದು’ ಅಂತ ಒಂದೇ ಮಾತು ಹಾಕು, ಸಿಟ್ಟಿನಲ್ಲೇ ಹಾಕು. ಚಕ್ಕುಲಿಯನ್ನು ಅಪ್ಪ ದಿಲ್ಲಿಯ ವಿಳಾಸಕ್ಕೆ ಕೊರಿಯರ್ ಮಾಡುತ್ತಾರೆ, ಪುಡಿಯಾದರೆ ಮೊಸರಿನಲ್ಲಿ ಕಲಸಿ ತಿನ್ನು.

ಹುಬ್ಬಳ್ಳಿಯ ಆ ಹುಡುಗನ ಮನೆಗೆ ನಿನ್ನೆ ನಾನೇ ಫೋನ್ ಮಾಡಿದೆ. ಹುಡುಗಿ ಅಂಟಾರ್ಕ್ಟಿಕಾಗೆ ಹೋಗುತ್ತಾಳೆ, ಬರುವುದು ಒಂದು ವರ್ಷದ ಮೇಲೆ, ಕಾಯುವುದಿದ್ದರೆ ಕಾಯಿರಿ ಅಂತ ಹೇಳಿದೆ. ಹುಡುಗನ ತಾಯಿ, ‘ಅಲ್ಲೆ ಬಿಳಿ ಕರಡಿ ಇರ್ತಾವಂತಲ್ರಿ, ಹೆಣ್ಣುಮಗಳನ್ನ ಹೆಂಗ ಕಳಸ್ತೀರಿ?’ ಅಂದರು. ಬಿಳಿ ಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್ ದಕ್ಷಿಣದ ಕಡೆ, ಒಂದನ್ನೊಂದು ಅವು ಹುಟ್ಟಾ ನೋಡಿಲ್ಲ ಅಂತ ತಿಳಿಸಿ ಹೇಳಿದೆ. ಪಕ್ಕದಲ್ಲಿದ್ದ ಎಂಜಿನಿಯರ್ ಮಗ, ‘ಇಲ್ಲ, ಎರಡೂ ಕೂಡೇ ಇರ್ತಾವ, ನಾ ನೋಡೀನಿ’ ಅಂತ ಕೂಗಿದ್ದು ಕೇಳಿಸಿತು. ಕಾಯುವುದು ಬೇಡ ಅಂತ ಹೇಳಿ ಫೋನ್ ಇಟ್ಟೆ.

ನಿನ್ನ
ಅವ್ವ