ಕಿಟಕಿ ಕೂರಿಸುವ ಕೆಲಸ ಮೃಗಶಿರಾ ಮಳೆಗೆ ಮೊದಲೇ ಮುಗಿಯಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಗೋಡೆ ಕುಸಿದ, ಹೆಂಚು ಹಾರಿದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಸುದ್ದಿಯಾಗದ ಇನ್ನೊಂದು ಹಾನಿ ಮಲೆನಾಡಿನ ಹೊಸ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಸಾಲ ಮಾಡಿ, ವಸತಿ ಯೋಜನೆಯ ಕಂತು ಸೇರಿಸಿ, ಮನೆಮಂದಿಯೆಲ್ಲ ಕಲ್ಲು ಮಣ್ಣು ಹೊತ್ತು ಕಟ್ಟಿಕೊಂಡ ಎರಡು ಕೋಣೆಯ ಮನೆ. ಆರಿದ್ರಾ ಮಳೆ ನಾಲ್ಕು ದಿನ ಬಿಡದೆ ಹೊಡೆಯುವಷ್ಟರಲ್ಲಿ ಕಿಟಕಿಯ ಕೆಳಗಿನ ಗೋಡೆ ಒಳಬದಿಯಲ್ಲಿ ಕಪ್ಪಾಗುತ್ತದೆ. ಆಶ್ಲೇಷಾ ಹೊತ್ತಿಗೆ ಗಿಲಾವು ಉಬ್ಬಿ, ಬಣ್ಣ ಸಿಪ್ಪೆ ಎದ್ದು, ಗೋಡೆಗೆ ತಾಗಿಸಿಟ್ಟ ಹಾಸಿಗೆಗೆ ಬೂಷ್ಟು ಹಿಡಿದಿರುತ್ತದೆ.

ಆ ನೀರು ಸಾಮಾನ್ಯವಾಗಿ ಬರುವುದು ಗಾಜಿನ ಮೂಲಕ ಅಲ್ಲ. ಕಿಟಕಿಯ ಚೌಕಟ್ಟಾದ ದಾರಂದಕ್ಕೂ ಗೋಡೆಗೂ ನಡುವಿನ ಸಂದಿನಿಂದ ಮತ್ತು ಕಿಟಕಿಯ ಅಡಿಗೆ ಹಾಸುವ ಸಿಲ್ ಕಲ್ಲಿನ ಹಿಂದಿನಿಂದ. ಈ ಎರಡೂ ಜಾಗಗಳನ್ನು ಗೋಡೆ ಒಣಗಿರುವಾಗ ಮಾತ್ರ ಭದ್ರವಾಗಿ ಮುಚ್ಚಲು ಸಾಧ್ಯ. ಒದ್ದೆ ಗೋಡೆಗೆ ಸಂದು ಮುಚ್ಚುವ ಸೀಲಂಟ್ ಹಿಡಿಯುವುದಿಲ್ಲ, ಪ್ರೈಮರ್ ಕೂರುವುದಿಲ್ಲ. ಮಳೆ ಶುರುವಾದ ಮೇಲೆ ಮಾಡಿದ ದುರಸ್ತಿ ನಿಲ್ಲದಿರುವುದಕ್ಕೆ ಕಾರಣ ಇದೇ.

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಮೃಗಶಿರಾ ಹಿಡಿಯುವುದು ಜೂನ್ 7-8ರ ಸುಮಾರಿಗೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಸೀಲಂಟ್ ಕೆಲಸ ಮೇ 25ರೊಳಗೆ ಮುಗಿಯಬೇಕಾದರೆ ಗಾಜು, ಕಿಟಕಿ ಬಾಗಿಲು ಮೇ ಎರಡನೇ ವಾರಕ್ಕೆ ಕೂತಿರಬೇಕು. ಅದಕ್ಕೆ ಮೊದಲು ಗಿಲಾವಿಗೆ ಕನಿಷ್ಠ 7 ದಿನ ನೀರುಣಿಸಿ, ಆಮೇಲೆ ಎರಡು ವಾರ ಒಣಗಲು ಬಿಡಬೇಕು. ಅಂದರೆ ಏಪ್ರಿಲ್ ಮೊದಲ ವಾರಕ್ಕೇ ದಾರಂದ ಗೋಡೆಯಲ್ಲಿ ನಿಂತಿರಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯೂ ನಡುವೆ ನಾಲ್ಕಾರು ದಿನ ತಿನ್ನುತ್ತದೆ. ಮಾರ್ಚ್‌ನಲ್ಲಿ ಬಡಗಿಯನ್ನು ಹುಡುಕಲು ಹೊರಟವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಮರ ಜನವರಿಯಲ್ಲೇ ಸೀಳಿಸಿ, ನೆರಳಿನಲ್ಲಿ ಪಟ್ಟಿಗಳ ನಡುವೆ ಗಾಳಿಯಾಡುವಂತೆ ಅಟ್ಟಿ ಇಟ್ಟಿರಬೇಕು.

ಮರದ ವಿಷಯದಲ್ಲಿ ಅವಸರ ಮಾಡಿದರೆ ಮನೆ ಇರುವಷ್ಟು ದಿನವೂ ಕಾಟ ತಪ್ಪದು. ಹಲಸು, ಮತ್ತಿ, ಅಕೇಶಿಯಾ ಯಾವುದೇ ಇರಲಿ, ಹಸಿ ಮರ ಗೋಡೆಯಲ್ಲಿ ಕೂತ ಮೇಲೆ ಒಣಗಿ ತಿರುಚಿಕೊಳ್ಳುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಅಟ್ಟಿಯಿಂದ ಒಂದು ತುಂಡು ತೆಗೆದು ಅಂಗಡಿಯ ತಕ್ಕಡಿಯಲ್ಲಿ ತೂಗಿ ಅದರ ಮೇಲೇ ಬರೆದಿಡಿ, ವಾರಕ್ಕೊಮ್ಮೆ ತೂಗಿ. ಎರಡು ಮೂರು ವಾರ ತೂಕ ಇಳಿಯದೆ ನಿಂತರೆ ಮರ ಇಲ್ಲಿನ ಹವೆಗೆ ಒಗ್ಗಿದೆ ಎಂದರ್ಥ. 4 ಅಡಿ ಉದ್ದ, 4 ಅಡಿ ಎತ್ತರದ ಮೂರು ಪಾಲಿನ ಕಿಟಕಿಯ ದಾರಂದಕ್ಕೆ 4 ಇಂಚು × 3 ಇಂಚಿನ ಪಟ್ಟಿ 24 ಅಡಿ ಬೇಕು. ಅದು ಸರಿಯಾಗಿ 2 ಘನ ಅಡಿ. ಕಳೆ ಸೇರಿ 2.2 ಘನ ಅಡಿ ಲೆಕ್ಕ ಹಿಡಿಯಬಹುದು, ಬಾಗಿಲಿನ ಮರ ಬೇರೆ.

ಮರ ಹಿಗ್ಗುವುದು ಅಡ್ಡಕ್ಕೆ, ಉದ್ದಕ್ಕೆ ಅಷ್ಟಾಗಿ ಅಲ್ಲ. ಏಪ್ರಿಲ್‌ನ ಒಣ ಹವೆಯಲ್ಲಿ ಕಿಟಕಿ ಬಾಗಿಲನ್ನು ಬಿಗಿಯಾಗಿ ಕೂರಿಸಿದರೆ ಜುಲೈನಲ್ಲಿ ಅದು ತೆಗೆಯಲು ಬಾರದು. ಆಗ ಉಜ್ಜುಕೊರಡು ಹಿಡಿದು ಅಂಚು ಹೆರೆದರೆ ಫೆಬ್ರುವರಿಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಬೇಸಿಗೆಯಲ್ಲಿ ಕೂರಿಸುವಾಗಲೇ ಸುತ್ತ 2ರಿಂದ 3 ಮಿಲಿಮೀಟರ್ ಬಿಟ್ಟು, ನಾಲ್ಕೂ ಅಂಚಿಗೆ, ಮುಖ್ಯವಾಗಿ ಕೆಳ ಅಂಚಿಗೆ, ಬಣ್ಣ ಬಳಿದಿದ್ದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಬಾಗಿಲನ್ನು ಬಿಜಾಗರಿಗೆ ಸಿಕ್ಕಿಸಿದ ಮೇಲೆ ಕೆಳ ಅಂಚಿಗೆ ಕುಂಚ ತಲುಪುವುದಿಲ್ಲ. ಎಷ್ಟೋ ಕಿಟಕಿಗಳು ಮೊದಲು ಕೊಳೆಯುವುದು ಅಲ್ಲೇ.

ದಾರಂದದ ಗೋಡೆಗೆ ತಾಗುವ ಮೈಯೂ ಹಾಗೆಯೇ. ಗಾರೆ ಕಟ್ಟಿದ ಮೇಲೆ ಅದು ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಗೆದ್ದಲು ಏರುವುದೂ ಅದೇ ದಾರಿಯಲ್ಲಿ. ನಿಲ್ಲಿಸುವ ಮೊದಲೇ ಹಿಂಬದಿಗೆ ಎರಡು ಕೈ ಗೇರೆಣ್ಣೆಯನ್ನೋ ಬಿಟುಮೆನ್ ಬಣ್ಣವನ್ನೋ ಹಚ್ಚಬೇಕು. ಪಟ್ಟಿಯ ಕೊಯ್ದ ತುದಿ ಸ್ಟ್ರಾ ಹಾಗೆ ನೀರು ಹೀರುತ್ತದೆ, ಅಲ್ಲಿಗೆ ಮೂರನೆಯ ಕೈಯೂ ಬೇಕು. ಕಬ್ಬಿಣದ ಸರಳಿಗೆ ಕೆಳಪಟ್ಟಿಯಲ್ಲಿ ತೂತು ಕೊರೆಯುವಾಗ ಆರಪಾರ ಕೊರೆಯದೆ ಮುಕ್ಕಾಲು ಇಂಚಿಗೆ ನಿಲ್ಲಿಸಿ, ಸರಳು ಇಳಿಸಿದ ಮೇಲೆ ಸುತ್ತಲೂ ಎಪಾಕ್ಸಿ ಪುಟ್ಟಿ ಮೆತ್ತಬೇಕು. ಇಲ್ಲವಾದರೆ ಪ್ರತಿ ತೂತೂ ನೀರಿನ ಬಟ್ಟಲು: ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕೆಳಪಟ್ಟಿ ಸೀಳುತ್ತದೆ.

ನಿಲ್ಲಿಸುವಾಗ ತೂಗುಗುಂಡು, ರಸಮಟ್ಟ ಎರಡನ್ನೂ ಬಳಸುತ್ತಾರೆ. ಆದರೆ ಮೂಲೆ ಮತ್ತು ತಿರುಚು ನೋಡುವವರು ಕಡಿಮೆ. 4 ಅಡಿ ಚೌಕದ ಮೂಲೆಯಿಂದ ಮೂಲೆಗೆ 5 ಅಡಿ 7⅞ ಇಂಚು ಬರಬೇಕು. ಎರಡು ಕರ್ಣಗಳ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಾಗಿಲು ಕೂರುವುದಿಲ್ಲ. ಆಮೇಲೆ ಆ ಎರಡು ಕರ್ಣಗಳಿಗೂ ಒಂದೊಂದು ನೂಲು ಎಳೆದು ಕಟ್ಟಿ ನೋಡಿ. ನಡುವೆ ಅವು ಮುತ್ತಿಟ್ಟ ಹಾಗೆ ತಾಗಿದರೆ ದಾರಂದ ಸಮವಾಗಿದೆ. ಒಂದನ್ನೊಂದು ಒತ್ತಿದರೆ ಅಥವಾ ನಡುವೆ ಬೆಳಕು ಕಂಡರೆ ತಿರುಚಿದೆ. ಒಂದು ನಿಮಿಷದ ಕೆಲಸ ಇದು, ಗಾರೆ ಗಟ್ಟಿಯಾದ ಮೇಲೆ ಇದಕ್ಕೆ ಮದ್ದಿಲ್ಲ. ಎರಡು ಬದಿಗೂ ಮೂಲೆಯಿಂದ 1 ಅಡಿ ಬಿಟ್ಟು, ದಾರಂದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಎರಡೆರಡು ಹೋಲ್ಡ್‌ಫಾಸ್ಟ್, ಒಟ್ಟು ನಾಲ್ಕು. ಅವುಗಳ ಸುತ್ತ ಬರಿ ಗಾರೆ ತುರುಕದೆ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಬೇಕು. ಕಾಂಕ್ರೀಟ್ ಹಿಡಿಯುವವರೆಗೆ ದಾರಂದದ ಮೂಲೆಗಳಿಗೆ ಬಡಿದ ಅಡ್ಡಪಟ್ಟಿಗಳನ್ನು ಕೀಳಬಾರದು.

ಇನ್ನು ಸಿಲ್. ಈ ಪತ್ರದಲ್ಲಿ ಒಂದೇ ವಿಷಯ ಓದುಗರ ಮನಸ್ಸಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಕಿಟಕಿಗೆ ಸಜ್ಜಾ ಇದೆಯಲ್ಲ, ಮಳೆ ತಾಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೆ 2 ಅಡಿ ಚಾಚಿದ ಸಜ್ಜಾ ತನ್ನಿಂದ ಕೆಳಕ್ಕೆ 2 ಅಡಿಯನ್ನಷ್ಟೇ ಕಾಯುತ್ತದೆ. 4 ಅಡಿ ಕಿಟಕಿಯ ಕೆಳ ಅರ್ಧಕ್ಕೆ ಎರಚಲು ನೇರವಾಗಿ ಬಡಿದು, ಅಷ್ಟೂ ನೀರು ಸಿಲ್ ಮೇಲೆ ಇಳಿಯುತ್ತದೆ. ನಮ್ಮ ಹಿರಿಯರು ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

8 ಇಂಚಿನ ಬ್ಲಾಕ್ ಗೋಡೆಯಲ್ಲಿ ದಾರಂದವನ್ನು ಒಳಮೈಗೆ ಸಮನಾಗಿ ನಿಲ್ಲಿಸಿದರೆ ಹೊರಗೆ 4 ಇಂಚು ಉಳಿಯುತ್ತದೆ. ಅಲ್ಲಿಗೆ 9 ಇಂಚು ಅಗಲ, 4 ಅಡಿ 2 ಇಂಚು ಉದ್ದದ ಗ್ರಾನೈಟ್ ಪಟ್ಟಿ ಬೇಕು. ಉದ್ದದಲ್ಲಿ ಹೆಚ್ಚಿರುವ 2 ಇಂಚು ಎರಡು ಬದಿಯ ಗೋಡೆಯೊಳಗೆ ಒಂದೊಂದು ಇಂಚು ಸೇರಬೇಕು. ಅಗಲದಲ್ಲಿ ಒಂದೂವರೆಯಿಂದ ಎರಡು ಇಂಚು ದಾರಂದದ ಅಡಿಗೆ ಹೋಗಬೇಕು, 2 ಇಂಚು ಗಿಲಾವಿನಿಂದ ಆಚೆ ಚಾಚಬೇಕು. ಹೊರಕ್ಕೆ ಮುಕ್ಕಾಲು ಇಂಚು ಇಳಿಜಾರು ಇರಬೇಕು. ಚಾಚಿದ ಅಂಚಿನ ಅಡಿಯಲ್ಲಿ, ತುದಿಯಿಂದ 1 ಇಂಚು ಒಳಗೆ, ಕಿರುಬೆರಳು ಅಗಲದ ಗೀರನ್ನು ಕಟರ್‌ನಲ್ಲಿ ಉದ್ದಕ್ಕೂ ಕೊಯ್ದಿರಬೇಕು. ನೀರು ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಗೋಡೆಯತ್ತ ಹರಿಯುತ್ತದೆ. ಗೀರು ಸಿಕ್ಕಿದರೆ ದಾಟಲಾಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಕಲ್ಲು ಕೂರಿಸುವ ಮೊದಲು ಅದರಡಿಯ ಗೋಡೆಗೆ ಎರಡು ಕೈ ವಾಟರ್‌ಪ್ರೂಫ್ ಸಿಮೆಂಟ್ ಲೇಪ ಬಳಿದು, ಬದಿಗಳಿಗೂ 4 ಇಂಚು ಮೇಲಕ್ಕೆ ಏರಿಸಬೇಕು.

ನಡೆಯುತ್ತಿರುವುದು ಬೇರೆಯೇ. ದಾರಂದ ಮೊದಲು ನಿಲ್ಲುತ್ತದೆ, ಕಲ್ಲನ್ನು ಕೊನೆಗೆ ಅದರ ಮುಂದೆ ತಂದು ಆನಿಸುತ್ತಾರೆ. ಕಲ್ಲಿಗೂ ಮರಕ್ಕೂ ನಡುವಿನ ಗೆರೆಗೆ ಬಿಳಿ ಸಿಮೆಂಟ್ ಮೆತ್ತುತ್ತಾರೆ. ಮೊದಲ ಬೇಸಿಗೆಗೆ ಆ ಗೆರೆ ಬಿರಿಯುತ್ತದೆ, ಮುಂದಿನ ಮಳೆಗೆ ನೀರು ಅಲ್ಲೇ ಒಳಗಿಳಿಯುತ್ತದೆ. ಇದನ್ನು ಮೇಸ್ತ್ರಿಯ ತಪ್ಪು ಎಂದು ಬಿಡಲಾಗದು. ಕಲ್ಲಿಗೆ ಹಣ ಕೈಸೇರುವುದು ಕೊನೆಯ ಹಂತದಲ್ಲಿ, ಹಾಗಾಗಿ ಕಲ್ಲೂ ಕೊನೆಗೆ ಬರುತ್ತದೆ.

ಸಜ್ಜಾದ ಬಗ್ಗೆ ಎರಡೇ ಮಾತು. ಗೋಡೆಯಿಂದ ಚಾಚುವ ಕಾಂಕ್ರೀಟ್‌ಗೆ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕೆಳಗೆ ಹಾಕಿದರೆ ಅದು ಇದ್ದೂ ಇಲ್ಲದಂತೆ, ಸಜ್ಜಾ ಗೋಡೆಯ ಬುಡದಲ್ಲಿ ಬಿರಿಯುತ್ತದೆ. ಕಿಟಕಿಯ ಅಗಲಕ್ಕಿಂತ ಎರಡೂ ಬದಿಗೆ 6 ಇಂಚು ಹೆಚ್ಚು ಇರಲಿ, ಅಡಿಯಲ್ಲಿ ಸಿಲ್‌ಗೆ ಹೇಳಿದಂಥದೇ ಗೀರು ಇರಲಿ.

ಮರ ದುಬಾರಿಯೆಂದು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್, ಅಲ್ಯೂಮಿನಿಯಂ ಕಡೆಗೆ ಹೋಗುವವರು ಹೆಚ್ಚುತ್ತಿದ್ದಾರೆ. ತಪ್ಪೇನಿಲ್ಲ. ಆದರೆ ಇವಕ್ಕೆ ಗಿಲಾವು ಮುಗಿದ ಮೇಲೆ ಅಳತೆ ಕೊಡಬೇಕು, ಸುತ್ತ ಸುಮಾರು 10 ಮಿಲಿಮೀಟರ್ ಸಂದು ಬಿಡಬೇಕು. ಯುಪಿವಿಸಿ ಫ್ರೇಮಿಗೆ ಮೂಲೆಯಿಂದ 6 ಇಂಚಿಗೆ ಮೊದಲ ಸ್ಕ್ರೂ, ಆಮೇಲೆ 2 ಅಡಿಗೆ ಮೀರದಂತೆ ಒಂದೊಂದು. ಸಂದಿಗೆ ಫೋಮ್ ತುಂಬಿ ಕೈತೊಳೆದುಕೊಳ್ಳುವುದು ದೊಡ್ಡ ತಪ್ಪು. ಫೋಮ್ ಮಳೆ ತಡೆಯುವುದಿಲ್ಲ, ಬಿಸಿಲಿಗೆ ಪುಡಿಯಾಗುತ್ತದೆ. ಅದನ್ನು ಒಳಕ್ಕೆ ಕೊಯ್ದು ಹೊರಗೆ ಸೀಲಂಟ್ ಎಳೆಯಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟ್ ಗೋಡೆಗೆ ಸರಿಯಾಗಿ ಹಿಡಿಯುವುದಿಲ್ಲ, ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತರಬೇಕು. 4 ಅಡಿ ಚೌಕದ ಕಿಟಕಿಯ ಸುತ್ತಳತೆ 16 ಅಡಿ, 280 ಮಿಲಿಲೀಟರ್‌ನ ಒಂದು ಕೊಳವೆ ಹೊರಬದಿಗೆ ಸಾಕಾಗುತ್ತದೆ. ಕೆಳ ಫ್ರೇಮಿನ ಹೊರಮೈಯಲ್ಲಿ ನೀರು ಹೋಗಲೆಂದು ಸಣ್ಣ ಸೀಳುಗಳಿರುತ್ತವೆ. ತೂತು ಕಂಡಿತೆಂದು ಅದನ್ನೂ ಸಿಲಿಕೋನ್‌ನಿಂದ ಮುಚ್ಚಿದರೆ ಹಳಿಯಲ್ಲಿ ನೀರು ತುಂಬಿ ಮನೆಯೊಳಗೇ ಉಕ್ಕುತ್ತದೆ. ಪಡುವಣ, ನೈಋತ್ಯ ಗೋಡೆಗಳಿಗೆ ಸ್ಲೈಡಿಂಗ್ ಕಿಟಕಿ ಬೇಡವೇ ಬೇಡ. ಹೊರಕ್ಕೆ ತೆರೆಯುವ, ರಬ್ಬರಿಗೆ ಒತ್ತಿ ಕೂರುವ ಬಾಗಿಲೇ ಆಗಬೇಕು.

ಮಳೆಗೆ ಹೆದರಿ ಕಿಟಕಿಯನ್ನೇ ಚಿಕ್ಕದು ಮಾಡುವುದೂ ಸರಿಯಲ್ಲ. ಬಿಸಿ ಮತ್ತು ತೇವದ ಹವೆಯ ಪ್ರದೇಶಗಳಲ್ಲಿ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ಕಿಟಕಿ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10 ಅಡಿ ಚೌಕದ ಕೋಣೆಗೆ ಅದು ಹೆಚ್ಚು ಕಡಿಮೆ 4 ಅಡಿ ಚೌಕದ ಒಂದು ಕಿಟಕಿ. ಗಾಳಿಯಾಡದ ಕೋಣೆಯಲ್ಲಿ ಸೋರಿಕೆ ಇಲ್ಲದೆಯೂ ಬೂಷ್ಟು ಹಿಡಿಯುತ್ತದೆ.

ಈ ವರ್ಷ ಕಿಟಕಿ ಬಾಗಿಲಿಗೆ ದುಡ್ಡು ಸಾಲದವರು ದಾರಂದ, ಸರಳು, ಸಿಲ್ ಕಲ್ಲು ಇಷ್ಟನ್ನಾದರೂ ಮುಗಿಸಿಕೊಳ್ಳಲಿ. ತೆರೆದ ಕಿಟಕಿಗೆ ಟಾರ್ಪಾಲು ಕಟ್ಟುವಾಗ ಮೇಲಂಚನ್ನು ಸಜ್ಜಾದ ಅಡಿಯಲ್ಲಿ ಪಟ್ಟಿ ಹೊಡೆದು ಹಿಡಿಸಿ, ಕೆಳಗಿನದು ಸಿಲ್ ದಾಟಿ ಹೊರಗೆ ಇಳಿಯುವಂತಿರಲಿ. ಒಳಬದಿಯಿಂದ ಕಟ್ಟಿದರೆ ನೀರು ಟಾರ್ಪಾಲಿನ ಮೇಲೆ ಜಾರಿ ನೇರ ಗೋಡೆಗೇ ಸೇರುತ್ತದೆ. ಬದಿಯಲ್ಲಿ ಎರಡು ಬೆರಳು ಗಾಳಿಗೆ ಬಿಡಿ.

ಗ್ರಾಮೀಣ ವಸತಿ ಯೋಜನೆಗಳ ಹಣ ತಳಪಾಯ, ಲಿಂಟಲ್ (ಕಿಟಕಿ, ಬಾಗಿಲುಗಳ ಮೇಲಿನ ತೊಲೆ), ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಜಿಪಿಎಸ್ ಫೋಟೊ ನೋಡಿ ಬಿಡುಗಡೆಯಾಗುತ್ತದೆ. ಲಿಂಟಲ್ ಹಂತದ ಫೋಟೊದಲ್ಲಿ ಕಿಟಕಿಯ ಜಾಗ ಬರಿ ಕಿಂಡಿಯಾಗಿದ್ದರೂ ಕಂತು ಸಿಗುತ್ತದೆ. ಸಿಲ್ ಕಲ್ಲು ಕೂರಬೇಕಾದ ಸರಿಯಾದ ಹೊತ್ತು ಅದೇ ಹಂತ. ಮಲೆನಾಡು ಮತ್ತು ಕರಾವಳಿಯ ತಾಲ್ಲೂಕುಗಳ ಅಂದಾಜು ಪಟ್ಟಿಯಲ್ಲಿ ಇಳಿಜಾರು ಮತ್ತು ಗೀರು ಇರುವ ಸಿಲ್ ಕಲ್ಲನ್ನು ಲಿಂಟಲ್ ಹಂತಕ್ಕೇ ಸೇರಿಸಬೇಕು, ಆ ಕಂತನ್ನು ಫೆಬ್ರುವರಿಯೊಳಗೆ ಕೊಡಬೇಕು ಎಂದು ವಸತಿ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಮನೆ ಪೂರ್ಣವಾಯಿತೆಂದು ಬರೆಯುವ ಮೊದಲು ಎಂಜಿನಿಯರರು ಒಂದು ಪೈಪ್ ಹಿಡಿದು ಹೊರಗಿನಿಂದ ಮೊದಲು ಸಿಲ್‌ಗೆ, ಆಮೇಲೆ ಬದಿಗಳಿಗೆ, ಕೊನೆಗೆ ಮೇಲ್ಭಾಗಕ್ಕೆ ಐದೈದು ನಿಮಿಷ ನೀರು ಬಿಟ್ಟು ಒಳಗೆ ನಿಂತು ನೋಡಲಿ. ಕೆಳಗಿನಿಂದ ಮೇಲಕ್ಕೆ ಹೋದರೆ ಮಾತ್ರ ಸೋರುವ ಜಾಗ ಯಾವುದೆಂದು ತಿಳಿಯುತ್ತದೆ.

— ಮನೆ ಕೆಲಸದ ಬಡಗಿಗಳು ಮತ್ತು ಗಾರೆಯವರು, ತೀರ್ಥಹಳ್ಳಿ ತಾಲ್ಲೂಕು