ಪುಟ್ಟುವಿಗೆ, ಹಾನೋವರ್‌ನಿಂದ

ಹಾನೋವರ್,
ನವೆಂಬರ್ 11

ಪ್ರೀತಿಯ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ಭಾನುವಾರ ನಾವಿಬ್ಬರೂ ಫೋನಿನಲ್ಲಿ ಮಾತನಾಡಿದ್ದು ಹತ್ತು ನಿಮಿಷವೂ ಇಲ್ಲ. ಅಷ್ಟರಲ್ಲಿ ನೀನು ‘ಏನೂ ಇಲ್ಲ ಮಾವ, ಚೆನ್ನಾಗಿದ್ದೇನೆ’ ಎಂದು ನಾಲ್ಕು ಸಲ ಹೇಳಿದೆ. ನಾನು ಕೇಳಿದ್ದು ಒಂದೇ ಸಲ. ಉಳಿದ ಆ ಮೂರು ಉತ್ತರಗಳು ಅಂದಿನಿಂದ ನನ್ನ ಕಿವಿಯಲ್ಲೇ ಉಳಿದಿವೆ.

ಮರುದಿನ ನಿನ್ನ ಅಮ್ಮನಿಗೆ ಫೋನ್ ಮಾಡಿದೆ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾಯಿತು, ವ್ಯಾಯಾಮಕ್ಕೆ ತಪ್ಪದೆ ಹೋಗುತ್ತಾನೆ, ಬಂದವನು ಪರದೆ ಎಳೆದು ಮಲಗುತ್ತಾನೆ, ರಾತ್ರಿ ಎರಡು ಗಂಟೆಗೂ ಕೋಣೆಯಲ್ಲಿ ಮೊಬೈಲಿನ ಬೆಳಕು ಕಾಣುತ್ತದೆ ಎಂದಳು. ‘ನಗುತ್ತಾನೆ, ಆದರೆ ನಾನು ನೋಡುತ್ತಿದ್ದೇನೆ ಎಂದು ಗೊತ್ತಾದಾಗ ಮಾತ್ರ’ ಎಂದೂ ಹೇಳಿದಳು. ಇದನ್ನೆಲ್ಲ ನನಗೆ ಹೇಳಿದ್ದಕ್ಕೆ ಅವಳ ಮೇಲೆ ಸಿಟ್ಟಾಗಬೇಡ. ನನ್ನ ತಂಗಿ ಇಷ್ಟು ಮೆಲ್ಲನೆ ಮಾತನಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನಿನಗೆ ಹತ್ತು ವರ್ಷವಿದ್ದಾಗ ಬೇಸಿಗೆ ರಜೆಗೆ ಇಲ್ಲಿಗೆ ಬಂದಿದ್ದೆ, ನೆನಪಿದೆಯೇ? ಮಾಶ್‌ಜೇ ಕೆರೆಯ ಪಕ್ಕದ ಕ್ರೀಡಾಂಗಣವನ್ನು ನೋಡಲು ಹೋದಾಗ ರಸ್ತೆಯ ಫಲಕವನ್ನು ಅಕ್ಷರ ಅಕ್ಷರವಾಗಿ ಓದಿ, ‘ರಾಬರ್ಟ್ ಎಂಕೆ ಅಂದರೆ ಯಾರು ಮಾವ?’ ಎಂದು ಕೇಳಿದೆ. ‘ದೊಡ್ಡ ಗೋಲ್‌ಕೀಪರ್, ನಿನ್ನ ಹಾಗೆ’ ಎಂದು ಹೇಳಿ ಮಾತು ತಿರುಗಿಸಿದೆ. ಮಗುವಿಗೆ ಹೇಳುವ ಕಥೆ ಅದಾಗಿರಲಿಲ್ಲ. ಈಗ ನೀನು ಸಂಬಳ ಪಡೆದು ಆಡುವ ಗೋಲ್‌ಕೀಪರ್. ಇನ್ನು ಹೇಳದೆ ಇರುವುದು ತಪ್ಪು. ನಿನ್ನೆ ನವೆಂಬರ್ 10. ಆ ರಸ್ತೆಯಲ್ಲಿ ನಡೆದು ಬಂದ ಮೇಲೆ ಈ ಪತ್ರಕ್ಕೆ ಕುಳಿತಿದ್ದೇನೆ.

ಎಂಕೆ ಬೆಳೆದದ್ದು ಪೂರ್ವ ಜರ್ಮನಿಯ ಯೇನಾದಲ್ಲಿ. ಲಿಸ್ಬನ್ನಿನ ಬೆನ್ಫಿಕಾಕ್ಕೆ ಆಡಿ ಹೆಸರು ಮಾಡಿ, 2002ರಲ್ಲಿ ಬಾರ್ಸಿಲೋನಾಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಮುಖ್ಯ ಅವಕಾಶ ಕಪ್ ಪಂದ್ಯವೊಂದರಲ್ಲಿ, ಮೂರನೇ ಹಂತದ ಲೀಗ್‌ನ ನೊವೆಲ್ಡಾ ಎಂಬ ಸಣ್ಣ ತಂಡದ ಎದುರು. ಬಾರ್ಸಿಲೋನಾ 3-2ರಿಂದ ಸೋತಿತು. ಅವರದೇ ತಂಡದ ಹಿರಿಯ ಆಟಗಾರರೊಬ್ಬರು ಬಹಿರಂಗವಾಗಿ ಅವರನ್ನು ದೂರಿದರು. ಮರುವರ್ಷ ಇಸ್ತಾಂಬುಲ್‌ನ ಫೆನೆರ್ಬಾಚೆಗೆ ಎರವಲಾಗಿ ಹೋದರು. ಮೊದಲ ಪಂದ್ಯದಲ್ಲೇ ಮೂರು ಗೋಲು ಬಿಟ್ಟುಕೊಟ್ಟಾಗ ಸ್ವಂತ ತಂಡದ ಅಭಿಮಾನಿಗಳೇ ಬಾಟಲಿ ಎಸೆದರು. ಅದೇ ಅವರ ಕೊನೆಯ ಪಂದ್ಯವೂ ಆಯಿತು. ಕರಾರು ಮುರಿದುಕೊಂಡು ಹೊರಟುಬಿಟ್ಟರು.

ಇಲ್ಲಿಂದ ಮುಂದಿನದನ್ನು ನೀನು ನಿಧಾನವಾಗಿ ಓದಬೇಕು. ಆ 2003ರಲ್ಲಿ ಅವರಿಗೆ ತೀವ್ರವಾದ ಖಿನ್ನತೆ ಇತ್ತು. ಜರ್ಮನಿಗೆ ಬಂದು ಡಾ. ವಾಲೆಂಟಿನ್ ಮಾರ್ಕ್ಸರ್ ಎಂಬ ಮನೋವೈದ್ಯರಲ್ಲಿ ಚಿಕಿತ್ಸೆ ಪಡೆದರು. ಗುಣವಾದರು! 2004ರ ಆರಂಭದಲ್ಲಿ ಸ್ಪೇನಿನ ಎರಡನೇ ಹಂತದ ಟೆನೆರಿಫೆಯಲ್ಲಿ ಆಡಿದರು, ಅದೇ ಬೇಸಿಗೆಯಲ್ಲಿ ನಮ್ಮ ಊರಿನ ಕ್ಲಬ್ ಹಾನೋವರ್ 96ಕ್ಕೆ ಬಂದರು. ಆ ವರ್ಷಗಳಲ್ಲಿ ನಾನು ಕಾರ್ಖಾನೆಯ ಗೆಳೆಯರೊಡನೆ ಪಂದ್ಯಗಳಿಗೆ ಹೋಗುತ್ತಿದ್ದೆ. ಫುಟ್‌ಬಾಲಿನ ಒಳಹೊರಗು ನನಗೆ ಅಷ್ಟಾಗಿ ತಿಳಿಯದು. ಆದರೆ ಕಾರ್ನರ್ ಕಿಕ್ ಬಂದಾಗ ಆ ಮನುಷ್ಯ ಗೋಲಿನಲ್ಲಿದ್ದಾರೆಂದರೆ ಪಕ್ಕದಲ್ಲಿ ಕುಳಿತವರ ಭುಜಗಳು ಸಡಿಲವಾಗುತ್ತಿದ್ದವು, ಅದನ್ನು ಕಂಡಿದ್ದೇನೆ. ಜರ್ಮನಿಗೆ ಎಂಟು ಪಂದ್ಯ ಆಡಿದರು. 2010ರ ವಿಶ್ವಕಪ್‌ಗೆ ಅವರೇ ಮೊದಲ ಗೋಲ್‌ಕೀಪರ್ ಆಗಬಹುದೆಂದು ಎಲ್ಲರೂ ಮಾತನಾಡಿಕೊಳ್ಳುತ್ತಿದ್ದರು.

ಅವರ ಮಗಳು ಲಾರಾ ಹೃದಯದ ದೋಷದೊಡನೆ ಹುಟ್ಟಿದ ಮಗು. 2006ರಲ್ಲಿ, ಎರಡು ವರ್ಷದವಳಾಗಿದ್ದಾಗ ತೀರಿಕೊಂಡಳು. ವಾರ ತುಂಬುವ ಮೊದಲೇ ಎಂಕೆ ಗೋಲುಕಂಬಗಳ ನಡುವೆ ನಿಂತಿದ್ದರು. ಇಡೀ ಊರು ಅವರ ಗಟ್ಟಿತನವನ್ನು ಹೊಗಳಿತು. ನಾನೂ ಹೊಗಳಿದೆ.

2009ರಲ್ಲಿ ಎಂಕೆ ದಂಪತಿ ಲೈಲಾ ಎಂಬ ಹೆಣ್ಣುಮಗುವನ್ನು ದತ್ತು ಪಡೆದರು. ಅದೇ ವರ್ಷ ಕಾಯಿಲೆ ಮರುಕಳಿಸಿತು. ವಾರಗಟ್ಟಲೆ ಆಡದಿದ್ದಾಗ ನಮಗೆ ಹೊರಗೆ ತಿಳಿದದ್ದು ಕರುಳಿನ ಸೋಂಕು ಎಂದಷ್ಟೇ. ಆಸ್ಪತ್ರೆಗೆ ದಾಖಲಾಗಿ ಎಂದು ವೈದ್ಯರು ಹೇಳಿದರು, ಅವರು ಒಪ್ಪಲಿಲ್ಲ. ಸುದ್ದಿ ಹೊರಗೆ ಬಂದರೆ ದತ್ತುಮಗಳನ್ನು ಕಿತ್ತುಕೊಳ್ಳುತ್ತಾರೆ, ಆಟವೂ ಕೈತಪ್ಪುತ್ತದೆ ಎಂಬ ಭಯ. ನವೆಂಬರ್ 8ರಂದು ಹ್ಯಾಂಬರ್ಗ್ ಎದುರು ಆಡಿದರು, ಪಂದ್ಯ 2-2 ಸಮವಾಯಿತು. ಎರಡು ದಿನದ ನಂತರ, 32ನೇ ವಯಸ್ಸಿನಲ್ಲಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಮರುದಿನ ಅವರ ಪತ್ನಿ ತೆರೇಸಾ ಕಪ್ಪು ಬಟ್ಟೆಯಲ್ಲಿ ಮಾರ್ಕ್ಸರ್ ಅವರ ಪಕ್ಕ ಕುಳಿತು ಪತ್ರಕರ್ತರ ಮುಂದೆ ಎಲ್ಲವನ್ನೂ ಹೇಳಿದರು. ಪ್ರೀತಿಯೊಂದಿದ್ದರೆ ಎಲ್ಲವನ್ನೂ ಗೆಲ್ಲಬಹುದೆಂದು ತಾವು ನಂಬಿದ್ದಾಗಿಯೂ, ಪ್ರತಿಸಲವೂ ಹಾಗೆ ಆಗುವುದಿಲ್ಲವೆಂದೂ ಹೇಳಿದರು. ಕಾರ್ಖಾನೆಯ ಊಟದ ಕೋಣೆಯಲ್ಲಿ ಟಿ.ವಿ. ಮುಂದೆ ನಿಂತಿದ್ದ ನಾವು ಯಾರೂ ತಟ್ಟೆ ಮುಟ್ಟಲಿಲ್ಲ. ಆ ಸಂಜೆ ಸಾವಿರಾರು ಜನ ಮಾರುಕಟ್ಟೆಯ ಚರ್ಚಿನಿಂದ ಕ್ರೀಡಾಂಗಣದವರೆಗೆ ಮೌನವಾಗಿ ನಡೆದರು. ಭಾನುವಾರ ಸುಮಾರು 40,000 ಜನ ಕ್ರೀಡಾಂಗಣದಲ್ಲಿ ಸೇರಿದೆವು. ಮೈದಾನದ ನಟ್ಟನಡುವೆ ಶವಪೆಟ್ಟಿಗೆ. ನನ್ನ ಮುಂದೆ ಕುಳಿತಿದ್ದ ಅಜ್ಜ ಕೈಗವಸನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದ. ಇಷ್ಟು ಜನ ಪ್ರೀತಿಸುತ್ತಿದ್ದರು. ಆ ಮನುಷ್ಯನೊಳಗೆ ಏನಾಗುತ್ತಿತ್ತೆಂದು ತಿಳಿದವರು ಬೆರಳೆಣಿಕೆಯಷ್ಟು.

ಒಂದು ಗೋಲು ಬಿಟ್ಟದ್ದರಿಂದಲೋ, ಒಂದು ದುಃಖದಿಂದಲೋ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಒಂದೇ ಕಾರಣ ಇರುವುದಿಲ್ಲ. ಇಷ್ಟು ವರ್ಷ ನನ್ನನ್ನು ಕಾಡಿರುವುದು ಬೇರೆ. ಮೊದಲ ಸಲ ಕಾಯಿಲೆ ಬಂದಾಗ ಅವರಿಗೆ ಆಡಲು ತಂಡವಿರಲಿಲ್ಲ, ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಚಿಕಿತ್ಸೆಗೆ ತಮ್ಮನ್ನು ಒಪ್ಪಿಸಿಕೊಂಡರು, ಐದು ವರ್ಷ ಚೆನ್ನಾಗಿ ಬಾಳಿದರು. ಎರಡನೇ ಸಲ ಕೈತುಂಬ ಇತ್ತು, ಆದ್ದರಿಂದ ಮುಚ್ಚಿಟ್ಟರು. ಕಾಯಿಲೆ ಅದೇ, ವೈದ್ಯರೂ ಅವರೇ.

ಗೋಲ್‌ಕೀಪರ್‌ಗಳಿಗೆ ಮುಚ್ಚಿಡುವುದು ವೃತ್ತಿಯ ಪಾಠವೇ ಆಗಿರುತ್ತದೆ ಅಲ್ಲವೇ? ಗೋಲು ಬಿದ್ದ ಮರುಕ್ಷಣ ಮುಖದಲ್ಲಿ ಏನೂ ತೋರಬಾರದು, ಬಲೆಯಿಂದ ಚೆಂಡು ತೆಗೆದು ನಡುವಿಗೆ ಒದೆಯಬೇಕು, ನೀನು ಕುಸಿದರೆ ಮುಂದಿನ ನಾಲ್ವರು ಡಿಫೆಂಡರ್‌ಗಳೂ ಕುಸಿಯುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ಮೈದಾನದಲ್ಲಿ ಆ ಮುಖ ಬೇಕು, ಒಪ್ಪುತ್ತೇನೆ. ಅದನ್ನು ಬೂಟಿನ ಜೊತೆ ಬಾಗಿಲ ಹೊರಗೆ ಬಿಡದೆ ಮನೆಯೊಳಕ್ಕೂ ತರುತ್ತಿರುವೆಯಲ್ಲ, ನನಗೆ ಅದೇ ಭಯ.

ನೀನು ಒಬ್ಬನೇ ಅಲ್ಲ ಎಂದು ಬರೇ ಬಾಯಿಮಾತಿಗೆ ಹೇಳುತ್ತಿಲ್ಲ. ಆಟಗಾರರ ಜಾಗತಿಕ ಸಂಘ ಫಿಫ್‌ಪ್ರೊ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳಿದ ಆರುನೂರಕ್ಕೂ ಹೆಚ್ಚು ಹಾಲಿ ವೃತ್ತಿಪರರ ಪೈಕಿ 38 ಶೇಕಡಾ ಮಂದಿ ಖಿನ್ನತೆ ಅಥವಾ ಆತಂಕದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ದೊಡ್ಡ ಗಾಯಗಳು ಹೆಚ್ಚಾದಷ್ಟೂ ಈ ಅಪಾಯವೂ ಹೆಚ್ಚು ಎಂದು ಅದೇ ಅಧ್ಯಯನ ತೋರಿಸಿತು. ಹಾಗಿದ್ದ ಮೇಲೆ ನಿನ್ನ ಮಂಡಿ ನೋಡುವ ತಂಡದಲ್ಲಿ ಶಸ್ತ್ರವೈದ್ಯರು, ಫಿಸಿಯೋ, ಆಹಾರತಜ್ಞ ಎಲ್ಲರೂ ಇದ್ದು, ನಿದ್ದೆ ಬರುತ್ತಿದೆಯೇ ಎಂದು ಕೇಳುವವರು ಒಬ್ಬರೂ ಇಲ್ಲದಿರುವುದು ಅನ್ಯಾಯ. ನಿನ್ನ ತಪ್ಪಂತೂ ಅಲ್ಲ. ನಿನ್ನ ಕಸುಬಿನಲ್ಲಿ ನೆಲವೇ ಗಟ್ಟಿಯಿಲ್ಲ ಎಂಬುದೂ ನನಗೆ ಗೊತ್ತು. 2025ರಲ್ಲಿ ನಮ್ಮ ದೇಶದ ಅಗ್ರ ಲೀಗ್ ಹೊತ್ತಿಗೆ ಸರಿಯಾಗಿ ಆರಂಭವಾಗದೆ ಸಂಬಳಗಳು ನಿಂತಾಗ, ಆಟಗಾರರೇ ಮುಂದೆ ಬಂದು ನಮಗೆ ಆಡಲು ಬಿಡಿ ಎಂದು ಬೇಡಬೇಕಾಯಿತು. ಗಾಯಗೊಂಡು, ಮುಂದಿನ ಕರಾರು ಏನೆಂದು ತಿಳಿಯದೆ ಮಲಗಿದವನಿಗೆ ನಿದ್ದೆ ಬಾರದಿದ್ದರೆ ಅದು ಅವನ ದೌರ್ಬಲ್ಯ ಹೇಗಾದೀತು?

ಇದೇ ಹಾನೋವರ್‌ನಲ್ಲಿ ಎಂಕೆ ಅವರ ಮುಂದೆ ಡಿಫೆಂಡರ್ ಆಗಿ ಆಡಿದ ಪೆರ್ ಮೆರ್ಟೆಸಾಕರ್ 2014ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಐನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದ ಆರೂವರೆ ಅಡಿಯ ಆಳು. ಪ್ರತಿ ಪಂದ್ಯ ಆರಂಭವಾಗುವ ಮುನ್ನ ಹೊಟ್ಟೆ ತೊಳಸಿ ವಾಂತಿ ಬಂದಂತಾಗುತ್ತಿತ್ತು ಎಂದು 2018ರಲ್ಲಿ, ಆಟ ಬಿಡುವ ಹೊತ್ತಿಗೆ ಹೇಳಿದರು. 2006ರಲ್ಲಿ ತವರಿನ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಇಟಲಿ ಎದುರು ಸೋತಾಗ, ದುಃಖದ ಜೊತೆಗೆ, ಸದ್ಯ ಒತ್ತಡ ಮುಗಿಯಿತಲ್ಲ ಎಂಬ ನಿರಾಳವೂ ಆಯಿತಂತೆ. ಹೀಗೆ ಹೇಳಿದ್ದಕ್ಕೆ ಇಲ್ಲಿ ಕೆಲವರು ಅವರನ್ನು ಬೈದರು. ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ನಿನ್ನ ಬಳಿ ನಾನು ಒಂದು ಕ್ಷಮೆ ಕೇಳಬೇಕು. ನಿನಗೆ ಹದಿನಾರಾದಾಗ ರಾಜ್ಯ ತಂಡದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಅತ್ತೆ. ನಾನು ಫೋನಿನಲ್ಲಿ, ‘ಗಂಡುಹುಡುಗರು ಹೀಗೆ ಅಳುತ್ತಾರೇನೋ, ಗಟ್ಟಿಯಾಗು’ ಎಂದೆ. ಎಂಕೆ ಸತ್ತು ಆಗಲೇ ಎಷ್ಟೋ ವರ್ಷವಾಗಿತ್ತು. ಆ ಕ್ರೀಡಾಂಗಣದಲ್ಲಿ ಕುಳಿತು ಬಂದವನು ನಾನು, ಆದರೂ ಆ ಮಾತು ನನ್ನ ಬಾಯಿಂದ ಬಂತು. ಅಂದಿನಿಂದ ನೀನು ನನ್ನ ಮುಂದೆ ಒಮ್ಮೆಯೂ ಅತ್ತಿಲ್ಲ. ಅದನ್ನು ಹಿಂದೆಗೆದುಕೊಳ್ಳುತ್ತೇನೆ, ಮಗು. ನನ್ನ ಮುಂದೆ ಅಳಬಹುದು.

ಈಗ ಏನು ಮಾಡಬೇಕೆಂದು ಹೇಳುತ್ತೇನೆ. ನಿಮ್ಹಾನ್ಸ್ ನಿಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬಂದು ಕಾಯುತ್ತಾರೆ, ನಿನಗದು ಮನೆಯಂಗಳ. ಅಲ್ಲಿಗಾಗಲಿ, ನಿನಗೆ ಒಪ್ಪುವ ಬೇರೆ ಮನೋವೈದ್ಯರಲ್ಲಿಗಾಗಲಿ ಈ ವಾರವೇ ಹೋಗು. ನೀನು ಹೇಳಿದ್ದನ್ನು ವೈದ್ಯರು ಕ್ಲಬ್ಬಿಗೆ ತಲುಪಿಸುತ್ತಾರೆ ಎಂದು ಹೆದರಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಕೋಚ್‌ಗೆ ಯಾವಾಗ ಹೇಳಬೇಕು, ಹೇಳಬೇಕೇ ಬೇಡವೇ ಎಂಬುದನ್ನು ಆಮೇಲೆ ವೈದ್ಯರೊಡನೆ ಕುಳಿತು ನಿರ್ಧರಿಸು. ಎಲ್ಲರಿಗೂ ಹೇಳಬೇಕಾಗಿಲ್ಲ, ಒಬ್ಬರಿಗಾದರೂ ಪೂರ್ತಿ ಹೇಳಬೇಕು. ಗೆಳೆಯರು ಕೊಟ್ಟ ನಿದ್ದೆಮಾತ್ರೆ ಬೇಡವೇ ಬೇಡ. ಇಂಗ್ಲೆಂಡಿನ ಡೆಲೆ ಆಲಿಯಂಥ ಪ್ರತಿಭೆ ಆ ಮಾತ್ರೆಗಳ ಚಟಕ್ಕೆ ಸಿಕ್ಕಿ, 2023ರಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಸೇರಿ ಹೊರಬರಬೇಕಾಯಿತು. ಮೊಬೈಲಿನಲ್ಲಿ ನಿನ್ನ ಹೆಸರು ಹುಡುಕಿ ಅಪರಿಚಿತರ ಬೈಗುಳ ಓದುವುದನ್ನೂ ಬಿಡು. ಅವರು ಎತ್ತಿ ಆಡುವ ನಿನ್ನ ಆಟದ ತಪ್ಪನ್ನು ನೀನೇ ಸಾಕಷ್ಟು ಸಲ ನೋಡಿಯಾಯಿತು. ಅವರು ನಿನಗೆ ಹೊಸದೇನನ್ನೂ ಹೇಳಲಾರರು.

ಇನ್ನೊಂದು ಪ್ರಶ್ನೆ ಕೇಳುತ್ತೇನೆ, ನೇರವಾಗಿಯೇ. ಬದುಕುವುದು ಸಾಕು ಎಂಬ ಯೋಚನೆ ನಿನಗೆ ಬರುತ್ತಿದೆಯೇ? ಬಂದಿದ್ದರೆ ಅದಕ್ಕಾಗಿ ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ, ನಾಚಿಕೆಪಡಬೇಕಾದ್ದೂ ಇಲ್ಲ. ಆದರೆ ಆ ಕ್ಷಣ ಒಬ್ಬನೇ ಕೂರಬೇಡ. ಎದ್ದು ಅಮ್ಮನ ಕೋಣೆಯ ಬಾಗಿಲು ತಟ್ಟು, ಎಷ್ಟು ಹೊತ್ತಾಗಿದ್ದರೂ ಸರಿ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416, ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು. ನನಗೂ ಮಾಡು. ನಿನ್ನ ನಡುರಾತ್ರಿ ನನಗೆ ಇನ್ನೂ ಸಂಜೆ.

ನಿಲ್ಲಿಸುವ ಮುನ್ನ ಇನ್ನೊಬ್ಬ ಗೋಲ್‌ಕೀಪರ್ ವಿಷಯ ಹೇಳಬೇಕು. ಅವರ ಹೆಸರಿನಲ್ಲಿ ರಸ್ತೆಯಿಲ್ಲ. ಮಾರ್ಕಸ್ ಮಿಲ್ಲರ್ ಎಂದು, ಎಂಕೆ ಅವರ ನಂತರ ಇದೇ ಹಾನೋವರ್ 96ರಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದವರು, ನಿನ್ನ ಹಾಗೆಯೇ ಹೆಚ್ಚು ದಿನ ಬೆಂಚಿನಲ್ಲಿ. 2011ರ ಸೆಪ್ಟೆಂಬರ್‌ನಲ್ಲಿ ತನ್ನ ಮನಸ್ಸು ದಣಿದಿದೆ, ಚಿಕಿತ್ಸೆಗೆ ದಾಖಲಾಗುತ್ತಿದ್ದೇನೆ ಎಂದು ಎಲ್ಲರಿಗೂ ತಿಳಿಯುವಂತೆಯೇ ಹೇಳಿ ಹೋದರು. ಕ್ಲಬ್ ಅವರ ಜೊತೆ ನಿಂತಿತು. ಕೆಲವು ವಾರಗಳ ನಂತರ ಅಭ್ಯಾಸಕ್ಕೆ ಮರಳಿದರು. ಪತ್ರಿಕೆಯಲ್ಲಿ ಅದು ಸಣ್ಣ ಸುದ್ದಿ, ಯಾರೂ ಮೇಣದಬತ್ತಿ ಹಚ್ಚಲಿಲ್ಲ. ಅದನ್ನು ಓದಿದ ದಿನ ನಾನು ಟ್ರಾಮಿನಲ್ಲಿ ಕುಳಿತು ಅತ್ತಿದ್ದೆ, ಪುಟ್ಟು.

ಡಿಸೆಂಬರ್ ಎರಡನೇ ವಾರಕ್ಕೆ ಬೆಂಗಳೂರಿಗೆ ಟಿಕೆಟ್ ಮಾಡಿಸಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ, ನೀನೇ ಹೇಳು. ಬರುವ ಭಾನುವಾರ ಎಂದಿನ ಹೊತ್ತಿಗೆ ಫೋನ್ ಮಾಡುತ್ತೇನೆ. ಮಂಡಿ ಹೇಗಿದೆ, ಯಾವಾಗ ಆಡುತ್ತೀಯ ಎಂದು ಕೇಳುವುದಿಲ್ಲ. ನೀನು ಹೇಗಿದ್ದೀಯ ಎಂದು ಕೇಳುತ್ತೇನೆ. ಉತ್ತರಕ್ಕೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೋ. ನಾನು ಫೋನ್ ಇಡುವುದಿಲ್ಲ.

ನಿನ್ನ,
ಮಾವ